ಸದ್ದಿಲ್ಲದೆ ನೀರು ಕುದಿಸಬಹುದೇ?

ಒಲೆಯ ಮೇಲೆ ಒಂದು ಪಾತ್ರೆ ನೀರು ಇಟ್ಟಿದೆ ಎಂದುಕೊಳ್ಳಿ. ಮೊದಲು ಅದು ಸುಮ್ಮನಿರುತ್ತದೆ. ಸ್ವಲ್ಪ ಹೊತ್ತಿಗೆ ‘ಸುಂಯ್’ ಎಂದು ಸಣ್ಣಗೆ ಹಾಡತೊಡಗುತ್ತದೆ. ಆ ಹಾಡು ಬರಬರುತ್ತಾ ‘ಗುಂಯ್’ ಎಂದು ದೊಡ್ಡದಾಗುತ್ತದೆ. ಇನ್ನೇನು ಕುದಿಯಬೇಕು ಅನ್ನುವಾಗ ಸದ್ದು ತಗ್ಗಿಬಿಡುತ್ತದೆ! ಆಮೇಲೆ ನೀರು ಮೆದುವಾಗಿ ಕೊತಕೊತ ಕುದಿಯುತ್ತದೆ. ಇದನ್ನು ನೀವು ಗಮನಿಸಿದ್ದೀರಾ? ಇಲ್ಲವಾದರೆ ಇವತ್ತೇ ಅಡುಗೆಮನೆಯಲ್ಲಿ ಕಿವಿಗೊಟ್ಟು ಕೇಳಿ.

ನೀರು ಹೆಚ್ಚು ಬಿಸಿಯಾದಷ್ಟೂ ಸದ್ದೂ ಹೆಚ್ಚಬೇಕಿತ್ತಲ್ಲವೇ? ಆದರೆ ಇಲ್ಲಿ ಕುದಿಯುವ ಮೊದಲೇ ಗಲಾಟೆ ಜಾಸ್ತಿ. ಇದರ ಕಾರಣ ತಿಳಿದರೆ ಎರಡು ಲಾಭಗಳಿವೆ. ಮನೆಯಲ್ಲಿ ಹಸುಗೂಸು ಮಲಗಿರುವಾಗ, ರಾತ್ರಿ ಪಾಳಿ ಮುಗಿಸಿ ಬಂದವರು ನಿದ್ರಿಸುತ್ತಿರುವಾಗ ಹೆಚ್ಚು ಸದ್ದಿಲ್ಲದೆ ನೀರು ಕಾಯಿಸಬಹುದು. ಎರಡನೆಯ ಲಾಭ ಇನ್ನೂ ಮುಖ್ಯವಾದದ್ದು. ಕುಡಿಯುವ ನೀರು ನಿಜವಾಗಿ ಕುದಿದಿದೆಯೇ ಎಂದು ಸರಿಯಾಗಿ ಗುರುತಿಸಬಹುದು.

ಮೂರು ಹಂತಗಳು

ಮೊದಲ ಹಂತ: ನೀರಿನಲ್ಲಿ ಸ್ವಲ್ಪ ಗಾಳಿ ಕರಗಿರುತ್ತದೆ. ಮೀನುಗಳು ಉಸಿರಾಡುವುದು ಇದರಿಂದಲೇ. ಬಿಸಿ ನೀರಿನಲ್ಲಿ ಗಾಳಿ ಹೆಚ್ಚು ಕರಗಿರಲಾರದು. ಆದ್ದರಿಂದ ನೀರು ಬೆಚ್ಚಗಾದಂತೆ ಗಾಳಿ ಹೊರಬಂದು, ಪಾತ್ರೆಯ ಗೋಡೆಗೆ ಚಿಕ್ಕ ಚಿಕ್ಕ ಮಣಿಗಳಂತೆ ಅಂಟಿಕೊಳ್ಳುತ್ತದೆ. ಈ ಹಂತದಲ್ಲಿ ಸದ್ದಿಲ್ಲ.

ಎರಡನೆಯ ಹಂತ: ಪಾತ್ರೆಯ ತಳ ಬೆಂಕಿಗೆ ಹತ್ತಿರ. ಅಲ್ಲಿನ ನೀರು ಬೇಗ ಕಾದು ಹಬೆಯ ಗುಳ್ಳೆಗಳಾಗುತ್ತದೆ. ಆದರೆ ಮೇಲಿನ ನೀರು ಇನ್ನೂ ಅಷ್ಟು ಬಿಸಿಯಾಗಿರುವುದಿಲ್ಲ. ಗುಳ್ಳೆ ಸ್ವಲ್ಪ ಮೇಲೆದ್ದ ಕೂಡಲೇ ತಣ್ಣನೆಯ ನೀರು ತಗಲಿ, ಒಳಗಿನ ಹಬೆ ಮತ್ತೆ ನೀರಾಗುತ್ತದೆ. ಇದೇ ಸಾಂದ್ರೀಕರಣ. ಒಂದು ಲೋಟ ನೀರು ಪೂರ್ತಿ ಹಬೆಯಾದರೆ ಸುಮಾರು 1,600 ಲೋಟಗಳಷ್ಟು ಜಾಗ ಹಿಡಿಯುತ್ತದೆ. ಹಾಗಾದರೆ ಹಬೆ ಮತ್ತೆ ನೀರಾದಾಗ ಏನಾದೀತು? ಗುಳ್ಳೆಯಿದ್ದ ಜಾಗ ಹೆಚ್ಚುಕಡಿಮೆ ಖಾಲಿಯಾಗುತ್ತದೆ. ಸುತ್ತಲಿನ ನೀರು ನಾಲ್ಕೂ ಕಡೆಯಿಂದ ಅಲ್ಲಿಗೆ ನುಗ್ಗಿ ಒಂದಕ್ಕೊಂದು ಬಡಿಯುತ್ತದೆ. ನಾವು ಚಪ್ಪಾಳೆ ತಟ್ಟಿದಂತೆ! ಒಂದು ಗುಳ್ಳೆಯ ಚಪ್ಪಾಳೆ ಬಹಳ ಸಣ್ಣದು. ಆದರೆ ಲೆಕ್ಕವಿಲ್ಲದಷ್ಟು ಗುಳ್ಳೆಗಳು ಒಂದರ ಹಿಂದೊಂದು ಕುಸಿದಾಗ, ತಗಡಿನ ಮಾಡಿನ ಮೇಲೆ ಸುರಿಯುವ ಮಳೆಯಂತೆ ಒಂದೇ ಸದ್ದಾಗಿ ಕೇಳುತ್ತದೆ.

ಮೂರನೆಯ ಹಂತ: ಈಗ ನೀರೆಲ್ಲ ಕುದಿಬಿಂದುವನ್ನು ತಲುಪಿದೆ. ತಳದಲ್ಲಿ ಹುಟ್ಟಿದ ಗುಳ್ಳೆಯನ್ನು ಕುಗ್ಗಿಸುವಷ್ಟು ತಣ್ಣನೆಯ ನೀರು ಎಲ್ಲೂ ಇಲ್ಲ. ಗುಳ್ಳೆಗಳು ದೊಡ್ಡವಾಗುತ್ತಾ ಮೇಲೆ ಬಂದು ಒಡೆಯುತ್ತವೆ. ಚಪ್ಪಾಳೆ ನಿಂತಿತು, ಸದ್ದು ತಗ್ಗಿತು.

ಕೆಟಲ್‌ನಿಂದ ಹಡಗಿಗೆ

ಇಂಗ್ಲೆಂಡಿನ ವಿಜ್ಞಾನಿ ಆಸ್ಬರ್ನ್ ರೆನಾಲ್ಡ್ಸ್ ಕೆಟಲ್‌ನ ಸದ್ದಿಗೆ ಇದೇ ಕಾರಣ ಕೊಟ್ಟಿದ್ದರು. ಅದನ್ನು ಓದಿದ ಲಾರ್ಡ್ ರೇಲೀ, ಕುಸಿಯುವ ಗುಳ್ಳೆಯಲ್ಲಿ ಎಷ್ಟು ಒತ್ತಡ ಉಂಟಾಗುತ್ತದೆ ಎಂದು ಲೆಕ್ಕ ಹಾಕಲು ಹೊರಟರು. ಇವರು 1904ರಲ್ಲಿ ಭೌತವಿಜ್ಞಾನದ ನೊಬೆಲ್ ಬಹುಮಾನ ಪಡೆದವರು. 1917ರಲ್ಲಿ ಪ್ರಕಟವಾದ ಅವರ ಲೆಕ್ಕ, ಹಡಗಿನ ಒಂದು ತೊಂದರೆಯನ್ನು ಅರ್ಥಮಾಡಿಕೊಳ್ಳಲು ನೆರವಾಯಿತು. ವೇಗವಾಗಿ ತಿರುಗುವ ಹಡಗಿನ ಪ್ರೊಪೆಲ್ಲರ್ ಸುತ್ತಲೂ ಇಂಥವೇ ಗುಳ್ಳೆಗಳು ಹುಟ್ಟಿ ಕುಸಿಯುತ್ತವೆ. ಆ ಪೆಟ್ಟಿಗೆ ಗಟ್ಟಿ ಲೋಹದಲ್ಲೂ ಗುಳಿ ಬೀಳುತ್ತದೆ!

ಸದ್ದು ಕಡಿಮೆ ಮಾಡುವ ಬಗೆಗಳು

ತಳ ಬಹಳ ಬಿಸಿ, ಮೇಲೆ ತಣ್ಣಗೆ — ಗಲಾಟೆಗೆ ಮೂಲ ಈ ವ್ಯತ್ಯಾಸ. ಇದನ್ನು ಕಡಿಮೆ ಮಾಡಿದರೆ ಸದ್ದೂ ಕಡಿಮೆಯಾಗುತ್ತದೆ.

1. ಉರಿ ತಗ್ಗಿಸುವುದು. ಮೊದಲ ಹಂತದಲ್ಲಿ ಹೇಗೂ ಸದ್ದಿಲ್ಲ. ಅಲ್ಲಿಯವರೆಗೆ ಉರಿ ಜೋರಾಗಿಯೇ ಇರಲಿ. ‘ಸುಂಯ್’ ಎಂದು ಕೇಳಿದ ಕೂಡಲೇ ಉರಿ ಸಣ್ಣದು ಮಾಡಬೇಕು. ಆಗ ತಳದ ಬಿಸಿ ನೀರು ಮೇಲೇರಿ, ಮೇಲಿನ ತಣ್ಣನೆಯ ನೀರು ಕೆಳಗಿಳಿದು ಬೆರೆಯಲು ಸಮಯ ಸಿಗುತ್ತದೆ. ನೀರು ಕುದಿಯುವುದು ತುಸು ತಡವಾಗುತ್ತದೆ, ಅಷ್ಟೆ.

2. ಅಗಲವಾದ, ದಪ್ಪ ತಳದ ಪಾತ್ರೆ. ದಪ್ಪ ತಳದಲ್ಲಿ ಬಿಸಿ ಎಲ್ಲ ಕಡೆ ಹರಡುತ್ತದೆ. ತೆಳು ಪಾತ್ರೆಯಲ್ಲಿ ಉರಿ ತಾಗುವ ಜಾಗ ಮಾತ್ರ ಅತಿಯಾಗಿ ಕಾಯುತ್ತದೆ. ಪಾತ್ರೆಯೂ ಸುಲಭವಾಗಿ ಕಂಪಿಸುತ್ತದೆ. ವಿದ್ಯುತ್ ಕೆಟಲ್ ಹೆಚ್ಚು ಸದ್ದು ಮಾಡುವುದೇಕೆ ಎಂದು ಈಗ ನೀವೇ ಹೇಳಬಲ್ಲಿರಿ. ಚಿಕ್ಕ ಜಾಗದಲ್ಲಿ ಅದು ಬಹಳ ಶಾಖ ಕೊಡುತ್ತದೆ.

3. ಮುಚ್ಚಳ. ಮುಚ್ಚಿದರೆ ಶಾಖ ಹೊರಹೋಗದೆ ನೀರು ಬೇಗ ಕುದಿಯುತ್ತದೆ, ಸದ್ದಿನ ಹಂತ ಬೇಗ ಮುಗಿಯುತ್ತದೆ. ಆದರೆ ಕುದಿಯುವಾಗ ಹಬೆ ಮುಚ್ಚಳವನ್ನು ಎತ್ತಿ ಎತ್ತಿ ಬಿಡುವುದರಿಂದ ಅದು ಟಕಟಕ ಎನ್ನುತ್ತದೆ. ಪಾತ್ರೆಯ ಅಂಚಿಗೆ ಮರದ ಸೌಟು ಇಟ್ಟು ಅದರ ಮೇಲೆ ಮುಚ್ಚಳ ಓರೆ ಮಾಡಿದರೆ ಹಬೆಗೆ ದಾರಿಯಾಗುತ್ತದೆ.

4. ಬಿಳಿ ಪದರ ತೆಗೆಯುವುದು. ಬೋರ್‌ವೆಲ್ಲಿನ ಗಡಸು ನೀರು ಕಾಯಿಸುವ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದೆ. ಅದರಲ್ಲಿ ಹೆಚ್ಚಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಉರುಟು ಮೈ ಗುಳ್ಳೆ ಹುಟ್ಟಲು ಒಳ್ಳೆಯ ಜಾಗ. ಶಾಖಕ್ಕೂ ಅದು ಅಡ್ಡಿ. ನಿಂಬೆರಸ ಬೆರೆಸಿದ ನೀರಿನಲ್ಲಿ ನೆನೆಸಿ ಉಜ್ಜಿದರೆ ಪದರ ಬಿಡುತ್ತದೆ.

5. ಬೇಕಾದಷ್ಟೇ ಕಾಯಿಸುವುದು. ಸ್ನಾನಕ್ಕೆ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರು ಸಾಕು. ಹಂಡೆ ಹಾಡತೊಡಗಿತು ಎಂದರೆ ಬೇಕಾದದ್ದಕ್ಕಿಂತ ಹೆಚ್ಚು ಸೌದೆ ಉರಿಸಿದ್ದೇವೆ ಎಂದರ್ಥ.

6. ಮೊದಲೇ ಕುದಿಸಿಡುವುದು. ಅಜ್ಜನಿಗೆ ನಡುರಾತ್ರಿ ಬಿಸಿನೀರು ಬೇಕೇ? ಮಲಗುವ ಮೊದಲು ಕುದಿಸಿ ಥರ್ಮಾಸ್ ಫ್ಲಾಸ್ಕಿಗೆ ತುಂಬಿಟ್ಟರೆ ರಾತ್ರಿ ಒಲೆ ಹಚ್ಚುವ ಕೆಲಸವೇ ಇಲ್ಲ.

ಅತಿ ಮೌನವೂ ಅಪಾಯ

ಗುಳ್ಳೆ ಹುಟ್ಟಲು ಸಣ್ಣ ಬಿರುಕು, ಉರುಟು ಜಾಗ ಬೇಕು. ಬಹಳ ನುಣುಪಾದ ಗಾಜಿನ ಪಾತ್ರೆಯಲ್ಲಿ, ಅದರಲ್ಲೂ ಮೈಕ್ರೋವೇವ್ ಒಲೆಯಲ್ಲಿ ಕಾಯಿಸಿದ ನೀರು, ಕುದಿಬಿಂದು ದಾಟಿದರೂ ಕೆಲವೊಮ್ಮೆ ಕುದಿಯದೆ ಸುಮ್ಮನಿರುತ್ತದೆ. ಅದಕ್ಕೆ ಚಮಚ ಅದ್ದಿದರೆ ಅಥವಾ ಚಹಾಪುಡಿ ಹಾಕಿದರೆ ಒಮ್ಮೆಲೇ ಉಕ್ಕಿ ಮುಖಕ್ಕೆ ಎರಚಬಹುದು. ಪ್ರಯೋಗಾಲಯಗಳಲ್ಲಿ ದ್ರವ ಕುದಿಸುವಾಗ ಪಿಂಗಾಣಿ ಚೂರುಗಳನ್ನು ಮೊದಲೇ ಹಾಕುವುದು ಇದಕ್ಕಾಗಿಯೇ.

ಕಿವಿಯನ್ನಷ್ಟೇ ನಂಬಬೇಡಿ

ಕಾಲರಾ, ಟೈಫಾಯಿಡ್, ಕೆಲವು ಬಗೆಯ ಕಾಮಾಲೆ — ಇವು ಕಲುಷಿತ ನೀರಿನಿಂದ ಹರಡುತ್ತವೆ. ಕುದಿಸಿದರೆ ಈ ರೋಗಾಣುಗಳು ಸಾಯುತ್ತವೆ. ಆದರೆ ಸದ್ದು ಜೋರಾದಾಗಲೇ “ನೀರು ಕುದಿಯಿತು” ಎಂದು ಒಲೆ ಆರಿಸಿದರೆ? ಆಗ ನೀರು ಇನ್ನೂ ಎರಡನೆಯ ಹಂತದಲ್ಲಿದೆ! ಆದ್ದರಿಂದ ಸದ್ದು ತಗ್ಗುವವರೆಗೆ ಕಾಯಿರಿ. ತಳದಿಂದ ದೊಡ್ಡ ಗುಳ್ಳೆಗಳು ಎಡೆಬಿಡದೆ ಎದ್ದು, ನೀರಿನ ಮೇಲ್ಮೈಯೆಲ್ಲ ಮಗುಚುತ್ತಿರುವುದನ್ನು ಕಣ್ಣಾರೆ ನೋಡಿ. ಅಲ್ಲಿಂದ ಕನಿಷ್ಠ 1 ನಿಮಿಷ ಕುದಿಸಿ.

ಎತ್ತರದ ಊರುಗಳಲ್ಲಿ ಗಾಳಿಯ ಒತ್ತಡ ಕಡಿಮೆ, ಕುದಿಬಿಂದುವೂ ಕಡಿಮೆ. ಮಂಗಳೂರಿನ ಕಡಲತೀರದಲ್ಲಿ ನೀರು 100 ಡಿಗ್ರಿಯಲ್ಲಿ ಕುದಿದರೆ ಬೆಂಗಳೂರಿನಲ್ಲಿ ಸುಮಾರು 97, ಮಡಿಕೇರಿಯಲ್ಲಿ ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಗಾಬರಿ ಬೇಡ, ರೋಗಾಣುಗಳನ್ನು ಕೊಲ್ಲಲು ಅಷ್ಟು ಬಿಸಿಯೂ ಸಾಕು.

ಮಾಡಿ ನೋಡಿ

(ದೊಡ್ಡವರು ಜೊತೆಗಿರಲಿ. ಪಾತ್ರೆಯ ಮೇಲೆ ಬಗ್ಗಬೇಡಿ.)

ಒಂದೇ ಪಾತ್ರೆಯಲ್ಲಿ ಅರ್ಧ ಲೀಟರ್ ನೀರನ್ನು ಒಮ್ಮೆ ದೊಡ್ಡ ಉರಿಯಲ್ಲಿ ಕುದಿಸಿ. ಪಾತ್ರೆ ಪೂರ್ತಿ ತಣಿದ ಮೇಲೆ ಅಷ್ಟೇ ತಣ್ಣೀರು ಹಾಕಿ, ಇನ್ನೊಮ್ಮೆ ಸಣ್ಣ ಉರಿಯಲ್ಲಿ ಕುದಿಸಿ. ಸದ್ದು ಶುರುವಾದದ್ದು, ಅತಿ ಜೋರಾದದ್ದು, ತಗ್ಗಿದ್ದು, ನೀರು ಕುದಿದದ್ದು — ಈ ನಾಲ್ಕೂ ಸಮಯಗಳನ್ನು ಪಟ್ಟಿ ಮಾಡಿ. ಯಾವುದರಲ್ಲಿ ಸದ್ದು ಹೆಚ್ಚು? ಯಾವುದರಲ್ಲಿ ಸದ್ದು ಹೆಚ್ಚು ಹೊತ್ತು ಇತ್ತು? ಎರಡರ ಉತ್ತರವೂ ಒಂದೇ ಆಗಬೇಕಿಲ್ಲ!

ಯೋಚಿಸಿ

1. ಕುಕ್ಕರಿನ ಸೀಟಿಗೂ ಗುಳ್ಳೆಗಳ ಕುಸಿತವೇ ಕಾರಣವೇ?

2. ದೊಡ್ಡ ಪಾತ್ರೆಯ ಕುದಿಯುವ ನೀರಿನಲ್ಲಿ ತಳ ತಾಗದಂತೆ ಒಂದು ಲೋಟ ನೀರು ಇಟ್ಟರೆ ಲೋಟದ ನೀರು ಬಹಳ ಬಿಸಿಯಾಗುತ್ತದೆ, ಆದರೆ ಕುದಿಯುವುದಿಲ್ಲ. ಏಕೆ? (ಸುಳಿವು: ಶಾಖ ಹರಿಯುವುದು ಹೆಚ್ಚು ಬಿಸಿಯಿಂದ ಕಡಿಮೆ ಬಿಸಿಯ ಕಡೆಗೆ ಮಾತ್ರ.)

ಉತ್ತರಗಳನ್ನು ತರಗತಿಯಲ್ಲಿ ಚರ್ಚಿಸಿ.