ಹಿಮ್ಮೇಳ ಊರಿನಿಂದಲೇ ಬರಬೇಕೇ?

ಮಳೆಗಾಲ ಬಂತೆಂದರೆ ಮುಂಬೈ ಕನ್ನಡಿಗರಿಗೆ ಯಕ್ಷಗಾನದ ಕಾಲ. ಪತ್ತನಾಜೆಗೆ ಊರಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕಲಾವಿದರಿಗೆ ಬಿಡುವು. ಮತ್ಸ್ಯಗಂಧ ಹತ್ತಿದವರು ಇಳಿಯುವುದೇ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ. ಅಲ್ಲಿಂದ ರಿಕ್ಷಾ ಹಿಡಿದರೆ ಕುರ್ಲಾ ಪೂರ್ವದ ಬಂಟರ ಭವನ. ಊರಿನ ಬಯಲಲ್ಲಿ ಬೆಳಗಿನವರೆಗೆ ನಡೆಯುವ ಆಟ ಇಲ್ಲಿ ಕೊನೆಯ ಲೋಕಲ್ ತಪ್ಪದ ಹಾಗೆ ಮೂರು ಗಂಟೆಗೆ ಮುಗಿಯುತ್ತದೆ.

ಊರಿನವರು ಬರಲಿ, ಸಂತೋಷವೇ. ಆದರೆ ಈ ಶಹರದಲ್ಲಿ ನಮ್ಮದೇ ಯಕ್ಷಗಾನವೂ ಉಂಟು. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕನ್ನಡ ಕಲಿತ ತಲೆಮಾರು ಕಟ್ಟಿದ್ದು ಅದು. ಅಸಲ್ಫಾದ ಗೀತಾಂಬಿಕಾ ಮಂಡಳಿ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ಮಂಡಳಿಯಂಥವು ಆ ಪರಂಪರೆಯವು.

ಮಕ್ಕಳ ಮಟ್ಟಿಗೆ ನನಗೆ ಅಷ್ಟು ಚಿಂತೆಯಿಲ್ಲ. ಭಾನುವಾರದ ತರಗತಿಗೆ ಬರುವ ಹುಡುಗ ಹುಡುಗಿಯರು ಇಂಗ್ಲಿಷ್ ಶಾಲೆಯವರು. ಅರ್ಥವನ್ನು ದೇವನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡುವವರೂ ಇದ್ದಾರೆ. ನಗಬೇಡಿ. ಇಂಗ್ಲಿಷ್ ಪದ ನುಸುಳಿದರೆ ಸಭೆ ಗೊಳ್ಳೆಂದು ನಗುವ ರಂಗಸ್ಥಳ ಇದೊಂದೇ. ಮನೆಯಲ್ಲಿ ಕೇಳಿಯೇ ಇರದ ಕನ್ನಡ ಮಹಿಷಾಸುರನ ಬಾಯಲ್ಲಿ ಸಲೀಸಾಗಿ ಬರುತ್ತದೆ.

ಚಿಂತೆ ಇರುವುದು ಹಿಮ್ಮೇಳದ್ದು. ಮುಮ್ಮೇಳಕ್ಕೆ ಕುಣಿಯುವವರು ಹತ್ತು ಜನ ಸಿಕ್ಕಿದರೆ ಚೆಂಡೆ, ಮದ್ದಳೆ ಹಿಡಿಯುವವರು ಒಬ್ಬಿಬ್ಬರು. ಪದ ಹೇಳುವವರು ಇನ್ನೂ ಕಡಿಮೆ. ವೇಷಕ್ಕೆ ಫೋಟೊ ಉಂಟು, ಅಪ್ಪ ಅಮ್ಮನಿಗೆ ಅದು ಸಾಕು. ಮದ್ದಳೆಯ ಹುಡುಗನನ್ನು ಯಾರು ನೋಡುತ್ತಾರೆ? ಕ್ಯಾಸೆಟ್ ಹಾಕಿ ಭರತನಾಟ್ಯ ಮಾಡಬಹುದು, ಯಕ್ಷಗಾನ ಆಗದು. ಭಾಗವತ ಬರೀ ಹಾಡುಗಾರನಲ್ಲ. ವೇಷಧಾರಿಯ ಕಾಲು ನೋಡಿ ಸಾಲನ್ನು ಮತ್ತೆ ಎತ್ತುತ್ತಾನೆ, ಏಕತಾಳದಿಂದ ತ್ರಿವುಡೆಗೆ ಹೋಗುವ ಹೊತ್ತು ತೀರ್ಮಾನಿಸುತ್ತಾನೆ, ಮಾತು ಉದ್ದವಾದರೆ ಜಾಗಟೆ ಬಡಿದು ಕಡಿಯುತ್ತಾನೆ. ಇಡೀ ಆಟ ಅವನ ಕೈಯಲ್ಲಿ.

ಕಲಿಯಲು ವರ್ಷಗಳು ಬೇಕು, ದಿನಾ ಸಾಧನೆ ಬೇಕು. ಚಾಳಿನಲ್ಲಿ ಅದು ನಡೆಯುತ್ತಿತ್ತು. ಈಗಿನ ಫ್ಲ್ಯಾಟಿನಲ್ಲಿ ಚೆಂಡೆಗೆ ಎರಡು ಪೆಟ್ಟು ಬಿದ್ದರೆ ಸೊಸೈಟಿ ಸೆಕ್ರೆಟರಿ ಬಾಗಿಲಲ್ಲಿ. ಹೀಗಾಗಿ ಇಲ್ಲಿನ ಮಕ್ಕಳ ಆಟಕ್ಕೂ ಭಾಗವತರು ಊರಿನಿಂದಲೇ ಬರಬೇಕಾಗುತ್ತದೆ. ಅವರಿಗೆ ಬಿಡುವಿಲ್ಲದ ನವೆಂಬರಿನಿಂದ ಮೇವರೆಗೆ ನಮ್ಮ ಮಕ್ಕಳ ಗೆಜ್ಜೆಯೂ ಪೆಟ್ಟಿಗೆಯೊಳಗೆ.

ಸಂಘಗಳಿಗೆ ನಾನು ಹೇಳುವುದು ಇಷ್ಟೇ: ಹೊಸ ಕಿರೀಟಕ್ಕೆ ಕೊಡುವ ದೇಣಿಗೆಯಲ್ಲಿ ಸ್ವಲ್ಪ ಹಿಮ್ಮೇಳದ ಗುರುಗಳ ಸಂಬಳಕ್ಕೆ ಹೋಗಲಿ. ಮದುವೆಯಿಲ್ಲದ ದಿನ ನಮ್ಮ ಸಭಾಗೃಹಗಳು ಖಾಲಿ ಬಿದ್ದಿರುತ್ತವೆ. ವಾರಕ್ಕೆರಡು ಸಂಜೆ, ದಪ್ಪ ಗೋಡೆಯ ಒಂದು ಕೋಣೆ ಬಿಟ್ಟುಕೊಟ್ಟರೆ ಚೆಂಡೆ ಬಡಿಯಲು ಯಾರ ಅಪ್ಪಣೆಯೂ ಬೇಡ.