ಕಂಕುಳ ಕಾವಲುಗಾರರು

ಬೇಸಿಗೆಯಲ್ಲಿ ಪಾಲೋ ಆಲ್ಟೋಗೆ ಮಕ್ಕಳನ್ನು ನೋಡಲು ಬರುವ ಅಮ್ಮಂದಿರು ಹಬ್ಬದೂಟದ ಸಾಲಿನಲ್ಲೇ ನನ್ನನ್ನು ಹಿಡಿದು ಮಂಡಿನೋವಿಗೆ ಮದ್ದು ಕೇಳುತ್ತಾರೆ. ಕಂಕುಳಿನ ಗಂಟಿನ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ. ಸಂಕೋಚ ಒಂದು ಕಡೆ; "ಆಪರೇಷನ್ ಆದರೆ ಕೈ ಆನೆಕಾಲಿನ ಹಾಗೆ ಊದುತ್ತದಂತೆ" ಎಂಬ ಹೆದರಿಕೆ ಇನ್ನೊಂದು ಕಡೆ.

ಹೆದರಿಕೆಗೆ ಕಾರಣವಿತ್ತು. ಕಂಕುಳಿನ ಕೊಬ್ಬಿನಲ್ಲಿ ಸುಮಾರು 20-30 ದುಗ್ಧಗ್ರಂಥಿಗಳು ಹುದುಗಿವೆ. ಸ್ತನದ ದುಗ್ಧರಸದ ಬಹುಪಾಲು ಇಲ್ಲಿಗೇ ಹರಿಯುತ್ತದೆ, ಕೈಯದೂ ಇಲ್ಲಿಗೇ! ಪೆಕ್ಟೊರಾಲಿಸ್ ಮೈನರ್ ಎಂಬ ಪುಟ್ಟ ಸ್ನಾಯುವನ್ನು ಗಡಿಗಲ್ಲಾಗಿಟ್ಟುಕೊಂಡು ಸರ್ಜನ್ನರು ಇವನ್ನು ಮೂರು ಹಂತ ಮಾಡುತ್ತಾರೆ: ಸ್ನಾಯುವಿನ ಹೊರಗೆ, ಹಿಂದೆ, ಒಳಗೆ. ನಾನು ಎಂಬಿಬಿಎಸ್ ಓದುವಾಗ ಸ್ತನ ಕ್ಯಾನ್ಸರ್ ಎಂದರೆ ಮೊದಲೆರಡು ಹಂತಗಳನ್ನಾದರೂ ಪೂರ್ತಿ ತೆಗೆಯುವುದೇ ಪದ್ಧತಿ. ದಾರಿ ಮುಚ್ಚಿದ ದುಗ್ಧರಸ ಕೈಯಲ್ಲೇ ನಿಂತು ಕೆಲವರಿಗೆ ಬಾವು ಬರುತ್ತಿತ್ತು.

ನಮ್ಮ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಡಾ. ಅರ್ಮಾಂಡೊ ಜೂಲಿಯಾನೊ ಅವರ ತಂಡ ಸ್ತನಕ್ಕೆ ನೀಲಿ ಬಣ್ಣ ಚುಚ್ಚಿ, ಅದು ಮೊದಲು ತಲುಪುವ 'ಕಾವಲು ಗ್ರಂಥಿ'ಯನ್ನು ಹುಡುಕುವ ವಿಧಾನವನ್ನು 1994ರಲ್ಲಿ ಪ್ರಕಟಿಸಿತು. ಅದರಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದವನ್ನು ಮುಟ್ಟುವುದಿಲ್ಲ. ಗಡ್ಡೆಯನ್ನಷ್ಟೇ ತೆಗೆಸಿ ವಿಕಿರಣ ಪಡೆದವರಲ್ಲಿ, ಒಂದೆರಡು ಕಾವಲು ಗ್ರಂಥಿಗಳಿಗೆ ಕ್ಯಾನ್ಸರ್ ತಗುಲಿದ್ದರೂ ಉಳಿದವನ್ನು ಬಿಡಬಹುದೆಂದು ಅವರದೇ 2011ರ ಅಧ್ಯಯನ ತೋರಿಸಿತು.

ಆದರೆ ಕಂಕುಳಲ್ಲಿ ಗಂಟು ಕೈಗೆ ಸಿಗುತ್ತಿದ್ದವರನ್ನು ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ. ಎಲ್ಲ ಗಂಟೂ ಕ್ಯಾನ್ಸರಲ್ಲ, ಬೆರಳಿನ ಗಾಯ ಕೀವಾದರೂ ಗ್ರಂಥಿ ಊದುತ್ತದೆ. ಎರಡು ಮೂರು ವಾರವಾದರೂ ಇಳಿಯದಿದ್ದರೆ ತೋರಿಸಲೇಬೇಕು. ಅಮ್ಮನನ್ನು, ಅತ್ತೆಯನ್ನು ಮಂಡಿನೋವಿಗೆಂದು ಕರೆದೊಯ್ಯುವಾಗ, ಮ್ಯಾಮೊಗ್ರಾಮ್ ಯಾವಾಗ ಆಗಿತ್ತು ಎಂದು ಕಾರಿನಲ್ಲೇ ಕೇಳಿ.