ಸಂಜೆ ಏಳರ ಸೈರನ್

ಅರಸೀಕೆರೆ ತಾಲ್ಲೂಕಿನ ಹೋಬಳಿ ಕೇಂದ್ರ ಕಣಕಟ್ಟೆ. ಊರಿಗೆ ಆ ಹೆಸರು ಬಂದ ಬಗೆ ಏನೇ ಇರಲಿ, ಅದರಲ್ಲಿ ಕಿವಿಗೆ ಬೀಳುವ ಎರಡು ಮಾತುಗಳು ಬಯಲುಸೀಮೆಯ ಯಾವ ಹಳ್ಳಿಗೂ ಹೊಸತಲ್ಲ. ಒಂದು ಕಣ, ಇನ್ನೊಂದು ಕಟ್ಟೆ. ಎರಡೂ ಜನ ಕೂಡುತ್ತಿದ್ದ ಜಾಗಗಳು.

ರಾಗಿ ಕೊಯ್ಲು ಮುಗಿದು, ನೆಲ ಹದಮಾಡಿ, ಸಗಣಿ ಸಾರಿಸಿ ಕಣ ಮಾಡಿದರೆಂದರೆ ಮಕ್ಕಳಿಗೆ ಹಬ್ಬ. ಹಗಲು ಎತ್ತುಗಳು ಗುಂಡು ಎಳೆಯುವುದನ್ನೂ ದೊಡ್ಡವರು ಗಾಳಿಗೆ ರಾಗಿ ತೂರುವುದನ್ನೂ ನೋಡಬೇಕು. ರಾತ್ರಿ ರಾಶಿ ಕಾಯಲು ಹೋಗಬೇಕು. ಕಂಬಳಿ ಹೊದ್ದು ಅಜ್ಜನ ಮಗ್ಗುಲಲ್ಲಿ ಮಲಗಿದ ಮೊಮ್ಮಗನಿಗೆ ಕತೆ, ಒಗಟು, ಊರಿನ ಹಳೆಯ ಜಗಳ, ಚುಕ್ಕಿಗಳ ಹೆಸರು ಎಲ್ಲವೂ ಅಲ್ಲಿಯೇ ಸಿಗುತ್ತಿದ್ದವು. ಮಕ್ಕಳೊಡನೆ ಬೆರೆಯಬೇಕೆಂದು ಯಾರೂ ಯಾರಿಗೂ ಉಪದೇಶ ಮಾಡಿರಲಿಲ್ಲ. ಕೆಲಸವೇ ಎಲ್ಲರನ್ನೂ ಒಂದೆಡೆ ಕೂರಿಸುತ್ತಿತ್ತು. ಒಕ್ಕಣೆ ಯಂತ್ರ ಬಂದ ಮೇಲೆ ದಿನಗಟ್ಟಲೆಯ ಕೆಲಸ ಗಂಟೆಗಳಲ್ಲಿ ಮುಗಿಯತೊಡಗಿತು. ರೈತನ ಮೈಕೈಗೆ ಅದು ದೊಡ್ಡ ಉಪಕಾರವೇ. ಆದರೆ ಕಣದೊಡನೆ ಕಣದ ರಾತ್ರಿಯೂ ಹೋಯಿತು.

ಆ ಜಾಗಕ್ಕೆ ಪರದೆ ಬಂದದ್ದು ಎರಡು ಹಂತಗಳಲ್ಲಿ. 1987-88ರಲ್ಲಿ ದೂರದರ್ಶನದ ‘ರಾಮಾಯಣ’ ಬರುತ್ತಿದ್ದಾಗ ಟೀವಿ ಇದ್ದ ಮನೆಗೆ ಬೀದಿಯೇ ಬಂದು ಕೂರುತ್ತಿತ್ತು. ಪರದೆ ಒಂದು, ನೋಡುವವರು ಹಲವರು. ಮೊಬೈಲು ಈ ಲೆಕ್ಕವನ್ನೇ ತಿರುಗಿಸಿತು. ಈಗ ಒಂದೇ ಮನೆಯ ನಾಲ್ವರು ನಾಲ್ಕು ಪರದೆಗಳ ಮುಂದೆ ಇರುತ್ತಾರೆ. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಫೋನೇ ಮಕ್ಕಳ ಸ್ಲೇಟಾಯಿತು. ಕರ್ನಾಟಕದ ‘ವಿದ್ಯಾಗಮ’ ಯೋಜನೆಯಲ್ಲಿ ಶಿಕ್ಷಕರು ಗುಡಿಯ ಅಂಗಳದಲ್ಲಿ, ಮರದ ನೆರಳಲ್ಲಿ ಪಾಠ ಹೇಳಿದ್ದೂ ಉಂಟು. ಮುಂದೆ ಶಾಲೆಗಳು ತೆರೆದವು. ಫೋನು ಮಾತ್ರ ಅನೇಕ ಮಕ್ಕಳ ಕೈಯಲ್ಲೇ ಉಳಿಯಿತು.

ಈ ಚಿಂತೆಗೆ ಊರಿಗೆ ಊರೇ ಕೂಡಿ ಉತ್ತರ ಹುಡುಕಿದ ಉದಾಹರಣೆ ನಮ್ಮ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯಲ್ಲಿದೆ. ಅಲ್ಲಿನ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರ ಆಗಸ್ಟ್‌ನಿಂದ ಸಂಜೆ ಏಳಕ್ಕೆ ಗುಡಿಯ ಮೇಲಿನ ಸೈರನ್ ಕೂಗತೊಡಗಿತು. ಕೂಗಿದರೆ ಒಂದೂವರೆ ಗಂಟೆ ಟೀವಿ, ಮೊಬೈಲು ಬಂದ್. ಮೊದಲು ಈ ಮಾತು ಬಂದಾಗ ಗಂಡಸರು ನಕ್ಕರಂತೆ. ಹೆಂಗಸರ ಸಭೆ ಸೇರಿಸಿದಾಗ ಅವರು ತಮ್ಮ ಧಾರಾವಾಹಿಯ ಹುಚ್ಚನ್ನೂ ಒಪ್ಪಿಕೊಂಡು ಯೋಜನೆಗೆ ಬೆಂಬಲ ಕೊಟ್ಟರು. ಈ ಪದ್ಧತಿ ಅದೇ ಜಿಲ್ಲೆಯ ಅಗ್ರಣ ಧುಳಗಾಂವ್‌ನಲ್ಲೂ ನಡೆಯಿತು. ಅದನ್ನು ಕಂಡು 2024ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ನೆರೆಯ ಹಲಗಾ ಗ್ರಾಮವೂ ಏಳರಿಂದ ಒಂಬತ್ತರವರೆಗೆ ಎರಡು ಗಂಟೆಯ ನಿಯಮ ಮಾಡಿಕೊಂಡಿತು.

ಸೈರನ್‌ಗೆ ಕಾನೂನಿನ ಬಲವಿಲ್ಲ. ಆದರೂ ಅದಕ್ಕೆ ಒಂದು ಶಕ್ತಿ ಇದೆ. ಒಬ್ಬನೇ ಮಗನ ಕೈಯಿಂದ ಫೋನು ಕಿತ್ತುಕೊಂಡರೆ ಅವನಿಗೆ ಅದು ಶಿಕ್ಷೆ. ಪಕ್ಕದ ಮನೆಯಲ್ಲಿ ಟೀವಿ ಮೊಳಗುತ್ತಿದ್ದರೆ, ಅಪ್ಪನೇ ಫೋನು ನೋಡುತ್ತ ಕೂತಿದ್ದರೆ, ಅನ್ಯಾಯವೂ ಹೌದು. ಊರೆಲ್ಲ ಒಂದೇ ಹೊತ್ತಿಗೆ ನಿಲ್ಲಿಸಿದರೆ ಅದು ಶಿಕ್ಷೆಯಾಗದೆ ರೂಢಿಯಾಗುತ್ತದೆ. ದೀಪ ಹಚ್ಚುವ ಹೊತ್ತಿನಲ್ಲಿ ಹೊಸಿಲ ಮೇಲೆ ಕೂರಬಾರದೆಂದು ಮನೆಮನೆಯಲ್ಲೂ ಇದ್ದ ಕಟ್ಟಿನಂತೆ ಇದೂ ಒಂದು ಕಟ್ಟು.

ಆದರೆ ಬಂದ್ ಮಾಡಿದ ಮೇಲೆ ಏನು? ಇಲ್ಲಿಯೇ ಹೆಚ್ಚಿನ ಮನೆಗಳು ಸೋಲುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯನ್ನು ಗಮನಿಸಬೇಕು. ಎರಡು ವರ್ಷ ತುಂಬದ ಕೂಸುಗಳಿಗೆ ಪರದೆ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಅದು ಅಷ್ಟಕ್ಕೇ ನಿಲ್ಲುವುದಿಲ್ಲ. ಮಗು ಕೂತಿರುವಾಗ ಹಿರಿಯರು ಪುಸ್ತಕ ಓದಿ ಹೇಳಲಿ, ಕತೆ ಹೇಳಲಿ ಎನ್ನುತ್ತದೆ. ಕಣದ ಅಜ್ಜ ಮಾಡುತ್ತಿದ್ದುದು ಇದನ್ನೇ. ಮಗು ಮಾತು ಕಲಿಯುವುದು ಬರಿಯ ಕೇಳುವಿಕೆಯಿಂದಲ್ಲ, ಮಾತಿಗೆ ಮಾತು ಕೂಡುವುದರಿಂದ. ಅಜ್ಜ ‘ಹ್ಞೂಂ’ ಎನ್ನದಿದ್ದರೆ ಕತೆ ಮುಂದುವರಿಸುತ್ತಿರಲಿಲ್ಲ. ಪರದೆಗೆ ಮಗುವಿನ ಹ್ಞೂಂಗುಟ್ಟುವಿಕೆ ಬೇಕಿಲ್ಲ.

ಆಟಗಳೂ ಕೈಗೆಟುಕುವಂತೆಯೇ ಇವೆ. ಐದೈದರಂತೆ ಇಪ್ಪತ್ತೈದು ಮನೆಯ ಚೌಕಾಬಾರಕ್ಕೆ ಬೇಕಾದ್ದು ಒಂದು ಸೀಮೆಸುಣ್ಣ, ನಾಲ್ಕು ಕವಡೆ, ಕಾಯಿಗಳಾಗಿ ಬಳೆಚೂರು. ಕವಡೆಗೆ ವಯಸ್ಸು ತಿಳಿಯದು. ಅಜ್ಜಿಯ ಕಾಯನ್ನು ಆರು ವರ್ಷದ ಮೊಮ್ಮಗಳು ಕಡಿಯಬಹುದು, ಅವಳ ಕಾಯಿಯೇ ಮೊದಲು ಹಣ್ಣಾಗಬಹುದು. ಏಳೇಳರಂತೆ ಹದಿನಾಲ್ಕು ಗುಳಿಯ ಅಳಿಗುಳಿಮಣೆಯಲ್ಲಿ ಹುಣಿಸೆಬೀಜ ಹಂಚುತ್ತ ಹೋದರೆ ಕೂಡುವ ಕಳೆಯುವ ಲೆಕ್ಕ ತಾನಾಗಿ ಬರುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಹೊಸ ಹೊಸ ಮಣೆಯಾಟಗಳನ್ನು ರಚಿಸಿದ ದೊರೆ. ಅರಮನೆಗೂ ಜಗಲಿಗೂ ಒಪ್ಪಿದ ವಿದ್ಯೆ ಇದು. ಓದುವ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದವರಿಗೆ ಅವುಗಳಲ್ಲಿ ಉಚಿತ ಸದಸ್ಯತ್ವ ಕೊಟ್ಟಿತು.

ಫೋನು ಹಿಡಿದ ಮಕ್ಕಳೆಲ್ಲ ರೋಗಿಗಳು ಎಂದೇನೂ ತಿಳಿಯಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ಬಂದ ರೋಗಪಟ್ಟಿಯಲ್ಲಿ ಸೇರಿಸಿರುವುದು ಗೇಮುಗಳ ಗೀಳನ್ನು. ಅದೂ ಆಟ ಹಿಡಿತ ತಪ್ಪಿ, ಓದು, ಮನೆ, ಗೆಳೆತನಗಳೆಲ್ಲ ಕೆಟ್ಟು, ಸಾಮಾನ್ಯವಾಗಿ ಒಂದು ವರ್ಷದವರೆಗಾದರೂ ಹಾಗೆಯೇ ನಡೆದರೆ. ಅಂಥವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿಯೇ ‘ಶಟ್’ ಎಂಬ ಪ್ರತ್ಯೇಕ ಕ್ಲಿನಿಕ್ ಆರಂಭವಾಯಿತು. ಉಳಿದ ಮನೆಗಳಿಗೆ ಬೇಕಾದ್ದು ವೈದ್ಯರಲ್ಲ, ಎಲ್ಲರೂ ಒಪ್ಪಿದ ಒಂದು ಹೊತ್ತು.

ಎತ್ತು ಗುಂಡು ಎಳೆಯುವ ಕಣ ಮರಳಿ ಬರಲಾರದು, ಬರಬೇಕೆಂದೂ ಇಲ್ಲ. ಹಿಂದೆ ಕೆಲಸ ತಾನಾಗಿ ಕೊಡುತ್ತಿದ್ದ ಹೊತ್ತನ್ನು ಈಗ ನಾವೇ ಎತ್ತಿಡಬೇಕು, ಅಷ್ಟೆ. ಸೈರನ್ ಇಲ್ಲದ ಊರಿನಲ್ಲಿ ಗೋಡೆ ಗಡಿಯಾರ ಸಾಕು. ಆದರೆ ಅದು ಏಳು ಹೊಡೆದಾಗ ಮೊದಲು ಕೆಳಗಿಡಬೇಕಾದ ಫೋನು ಅಪ್ಪನದು.